ರೇಸ್ ಸಾಫ್ಟ್‌ವೇರ್ ತಗೊಳ್ಳುವ ಮುಂಚೆ
ಚಾಮುಂಡಿ ಬೆಟ್ಟದ ತಪ್ಪಲಿನ ನಮ್ಮ ರೇಸ್ ಕೋರ್ಸ್‌ಗೆ ಹೋಗುವವರಿಗೆ ಒಂದು ಮಾತು. ಯಾವ ಕುದುರೆ ಗೆಲ್ಲಬಹುದು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗೆ ಸುಮ್ನೆ ದುಡ್ಡು ಕಟ್ಟಬೇಡಿ, ಮೊದಲು ಟ್ರಯಲ್ ನೋಡಿ. ಅಮೆರಿಕದ್ದಾದರೆ ದೂರ ಫರ್ಲಾಂಗ್‌ನಲ್ಲಿ, ಕುದುರೆ ಹೊರುವ ತೂಕ ಪೌಂಡ್‌ನಲ್ಲಿ ಇರುತ್ತದೆ. ಅಲ್ಲಿ ಮಣ್ಣಿನ ಟ್ರ್ಯಾಕೇ ಜಾಸ್ತಿ. ನಮ್ಮದು ಹುಲ್ಲು, ಅಲ್ವಾ? 1200 ಮೀಟರ್, 56 ಕೆಜಿ ಅಂತ ನೇರವಾಗಿ ಹಾಕಲು ಬರಬೇಕು. ಮಳೆಗೆ ಟ್ರ್ಯಾಕ್ ಮೆತ್ತಗಾದ ದಿನಕ್ಕೆ ಬೇರೆ ಅಂಕ ಕೊಡಲೂ ಆಗಬೇಕು.

ಇನ್ನು ಮುಖ್ಯವಾದದ್ದು. ಹಳೆಯ ಫಲಿತಾಂಶಗಳಲ್ಲಿ ಅರ್ಧ ನೋಡಿಕೊಂಡು ಸೆಟ್ಟಿಂಗ್ ಮಾಡಿ, ಉಳಿದರ್ಧದ ಮೇಲೆ ಪರೀಕ್ಷಿಸಿ. ಮುಗಿದ ಓಟಕ್ಕೆ ಸೆಟ್ಟಿಂಗ್ ತಿರುಚಿ ತಿರುಚಿ ಗೆಲ್ಲಿಸುವುದು ಸುಲಭ. ನಾನು ಅದನ್ನೇ ನಂಬಿ ಕಳಕೊಂಡೆ. ಆಮೇಲೂ ಒಂದು ತಿಂಗಳು ಬಾಜಿ ಕಟ್ಟದೆ, ನೋಟ್‌ಬುಕ್‌ನಲ್ಲಿ ಬರೆದಿಟ್ಟು ತಾಳೆ ನೋಡಿ.