ಮಗಳ ಹೊಟ್ಟೆನೋವಿಗೆ ಒಂದು ಅಳತೆ ಪುಸ್ತಕ

ಹಾಸನದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಬ್ಲೌಸು, ಚೂಡಿದಾರ್, ಫಾಲ್ಸು, ಪೀಕೋ. ಇಪ್ಪತ್ತು ವರ್ಷದಿಂದ ಊರ ಹೆಂಗಸರ ಅಳತೆ ಬರೆದುಕೊಂಡೇ ಬದುಕಿದವಳು ನಾನು. ಮನೆಯಲ್ಲಿ ಮಗಳು ತಿಂಗಳಿಗೆ ಮೂರು ದಿನ ನೆಲದ ಮೇಲೆ ಮುದುಡಿ ಮಲಗುತ್ತಿದ್ದಳು. ಅದನ್ನು ಮಾತ್ರ ಎಲ್ಲೂ ಬರೆದಿಡಲಿಲ್ಲ. "ಮುಟ್ಟು ಅಂದ್ಮೇಲೆ ನೋವು ಇದ್ದೇ ಇರತ್ತೆ ಕಣೆ" ಅಂತ ಓಂಕಾಳಿನ ಕಷಾಯ ಕೊಟ್ಟು ಅಂಗಡಿ ಬಾಗಿಲು ತೆಗೆಯಲು ಹೋಗುತ್ತಿದ್ದೆ. ಹದಿಮೂರಕ್ಕೆ ದೊಡ್ಡವಳಾದವಳಿಗೆ ಸರಿಯಾದ ಔಷಧ ಶುರುವಾಗಿದ್ದು ಹದಿನೇಳಕ್ಕೆ. ನಡುವಿನ ನಾಲ್ಕು ವರ್ಷ ನನ್ನ ಲೆಕ್ಕಕ್ಕೆ. ನೀವು ಅಷ್ಟು ಕಾಯಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಗೋಡೆಯಲ್ಲಿ ಇರುವಂಥದೇ ಪದರ ಅದರ ಹೊರಗೂ ಬೆಳೆಯುತ್ತದೆ. ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಹತ್ತಿರ, ಎಲ್ಲೆಂದರಲ್ಲಿ. ಮುಟ್ಟಿನ ಹಾರ್ಮೋನಿಗೆ ಅದೂ ಕೆರಳುತ್ತದೆ, ಊದಿಕೊಳ್ಳುತ್ತದೆ, ಕೆಲವರಲ್ಲಿ ಒಳಗಿನ ಅಂಗಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮುಟ್ಟಾಗುವ ವಯಸ್ಸಿನವರಲ್ಲಿ ಹತ್ತಕ್ಕೆ ಒಬ್ಬರಿಗೆ ಇದು ಇರುತ್ತದೆ. ಅಂದರೆ ನನ್ನ ಅಂಗಡಿಗೆ ವಾರಕ್ಕೆ ಬರುವ ಗಿರಾಕಿಗಳಲ್ಲೇ ಮೂರ್ನಾಲ್ಕು ಜನ.

ಯಾವ ನೋವಿಗೆ ಅನುಮಾನ ಪಡಬೇಕು? ಮಾತ್ರೆ ನುಂಗಿದರೂ ಕ್ಲಾಸಿಗೆ ಹೋಗಲಾಗದ ನೋವು. ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುವ ನೋವು. ಮುಟ್ಟಿಗೆ ಮೂರ್ನಾಲ್ಕು ದಿನ ಮೊದಲೇ ಶುರುವಾಗುವುದು, ಮುಗಿದ ಮೇಲೂ ಉಳಿಯುವುದು. ಆ ದಿನಗಳಲ್ಲಿ ಮಲ, ಮೂತ್ರಕ್ಕೆ ಹೋದಾಗ ನೋವು. ವಾಂತಿ, ಭೇದಿ, ತಲೆ ಸುತ್ತಿ ಬೀಳುವುದು. ನನಗೆ ಎಚ್ಚರವಾಗಿದ್ದು ಒಂದು ಬೆಳಗ್ಗೆ ಪುಟ್ಟಿ ಟಾಯ್ಲೆಟ್ ಬಾಗಿಲು ಹಿಡಿದುಕೊಂಡು "ಅಮ್ಮಾ, ಮೋಶನ್‌ಗೆ ಹೋದ್ರೆ ಒಳಗೆ ಕತ್ತರಿ ಆಡ್ಸಿದ ಹಾಗಾಗತ್ತೆ" ಅಂದಾಗ. ಕತ್ತರಿ ಅಂದರೆ ಏನು ಅಂತ ನನಗೆ ಗೊತ್ತಲ್ವಾ.

ಮೊದಲು ಹೋದ ಕಡೆ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. "ಹೊಟ್ಟೆನೋವು ಮೇಡಂ, ತುಂಬಾ" ಅಂದೆ. ಅಷ್ಟೇ. ಅವರು ಹೊಟ್ಟೆ ಒತ್ತಿ ನೋಡಿ, ಗ್ಯಾಸಿನ ಮಾತ್ರೆ ಬರೆದು, "ಮದುವೆ ಆಗಿ ಒಂದು ಮಗು ಆದ್ರೆ ಸರಿ ಹೋಗತ್ತೆ" ಅಂದರು. ಹದಿನಾರರ ಹುಡುಗಿಗೆ! ಮದುವೆಯಾಗಲಿ, ಬಸುರಾಗಲಿ ಈ ಕಾಯಿಲೆಗೆ ಔಷಧ ಅಲ್ಲ. ಯಾರಾದರೂ ಹಾಗೆ ಹೇಳಿದರೆ ಚೀಟಿ ಮಡಚಿಕೊಂಡು ಎದ್ದು ಬನ್ನಿ. ಬೇರೆ ಡಾಕ್ಟರ್ ಇದ್ದಾರೆ.

ಆಮೇಲೆ ಅಂಗಡಿಯ ಒಂದು ಹಳೇ ಅಳತೆ ಪುಸ್ತಕ ತೆಗೆದೆ. ಎದೆ, ಸೊಂಟ, ತೋಳು ಅಂತ ಮನೆ ಹಾಕಿರುತ್ತದಲ್ಲ, ಅದರಲ್ಲೇ ನೋವಿನ ಅಳತೆ ಬರೆಯುತ್ತಾ ಬಂದೆ. ಎರಡರಿಂದ ಮೂರು ತಿಂಗಳು ಬರೆದರೆ ಸಾಕು. ಒಂದು ದಿನದ್ದು ಹೀಗಿದೆ ನೋಡಿ:

"ಆಗಸ್ಟ್ 9. ಮೊದಲನೇ ದಿನ. ಬೆಳಗ್ಗೆ 5ಕ್ಕೆ ಎದ್ದಳು. ನೋವು ಹತ್ತಕ್ಕೆ ಎಂಟು. ಕೆಳಹೊಟ್ಟೆ, ಎಡಗಡೆ ಜಾಸ್ತಿ, ತೊಡೆವರೆಗೆ ಇಳಿಯುತ್ತೆ. ವಾಂತಿ 2 ಸಲ. ಮೋಶನ್‌ಗೆ ಹೋಗಿ ಅತ್ತಳು. 7ಕ್ಕೆ ಮಾತ್ರೆ, 9 ಆದರೂ ಇಳಿದಿಲ್ಲ. ಪ್ಯಾಡ್ 6. ಕಾಲೇಜಿಲ್ಲ."

ಇಷ್ಟೇ. ಎರಡನೇ ಡಾಕ್ಟರ್ ಸ್ಕ್ಯಾನ್ ರಿಪೋರ್ಟಿಗಿಂತ ಹೆಚ್ಚು ಹೊತ್ತು ಈ ಪುಸ್ತಕವನ್ನೇ ನೋಡಿದರು. ಮುಟ್ಟಿಲ್ಲದ ದಿನ ನೋವು ಬಂದರೆ ಅದನ್ನೂ ಬರೆಯಿರಿ. ಮೊಬೈಲ್ ಆ್ಯಪ್ ಇದೆಯಂತೆ, ಬೇಕಾದವರು ಹಾಕಿಕೊಳ್ಳಿ.

ಹೋಗುವ ಮೊದಲು ಅಕ್ಕ, ಚಿಕ್ಕಮ್ಮ, ಅಜ್ಜಿಗೆ ಒಂದೊಂದು ಫೋನ್ ಮಾಡಿ. ತಾಯಿಗೋ ಅಕ್ಕತಂಗಿಗೋ ಇದ್ದರೆ ಈ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ, ಡಾಕ್ಟರ್ ಕೇಳೇ ಕೇಳುತ್ತಾರೆ. ನನ್ನ ಅಕ್ಕನಿಗೆ ಮೂವತ್ತಾರಕ್ಕೇ ಗರ್ಭಕೋಶ ತೆಗೆಸಿದ್ದರು. ಯಾಕೆ ಅಂತ ನಾನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಫೋನಲ್ಲಿ ಕೇಳಿದರೆ "ಅಂಟ್ಕೊಂಡಿತ್ತಂತೆ ಕಣೆ ಒಳಗೆಲ್ಲಾ" ಅಂದಳು. ಆ ಮಾತನ್ನೂ ಪುಸ್ತಕದ ಮೊದಲ ಪುಟದಲ್ಲಿ ಬರೆದೆ.

ಡಾಕ್ಟರ್ ಅಂದರೆ ಸ್ತ್ರೀರೋಗ ತಜ್ಞರು. ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ನೋಡುವುದು, ಅದನ್ನು ಮಾಡುವವರಾದರೆ ಒಳ್ಳೆಯದು. ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗ ಇದ್ದೇ ಇರುತ್ತದೆ. ಮೈಸೂರಿನ ಚೆಲುವಾಂಬ, ಬೆಂಗಳೂರಿನ ವಾಣಿವಿಲಾಸ ಹೆಂಗಸರು, ಮಕ್ಕಳಿಗೆಂದೇ ಇರುವ ಸರ್ಕಾರಿ ಆಸ್ಪತ್ರೆಗಳು. ಒಳಗೆ ಹೋದ ಮೇಲೆ ನೇರವಾಗಿ ಕೇಳಿ: "ಇದು ಎಂಡೊಮೆಟ್ರಿಯೋಸಿಸ್ ಇರಬಹುದಾ? ಅಲ್ಲ ಅಂದ್ರೆ ಮತ್ತೇನು?" ಹೆಸರು ಹಿಡಿದು ಕೇಳಿದರೆ ಡಾಕ್ಟರಿಗೆ ಕೋಪ ಬರುತ್ತೇನೋ ಅಂತ ನಾನು ಹೆದರಿದ್ದೆ. ಬರಲಿಲ್ಲ. ಐದು ನಿಮಿಷ ನೀವು ಎದ್ದು ಹೊರಗೆ ಕೂತುಕೊಳ್ಳಿ. ಅಮ್ಮನ ಮುಂದೆ ಬಾಯಿಗೆ ಬಾರದ ಮಾತು ಹುಡುಗಿಯರಿಗೆ ಇರುತ್ತದೆ.

ಸ್ಕ್ಯಾನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಜನ ಮೋಸ ಹೋಗುವುದೇ ಇಲ್ಲಿ. ಮದುವೆಯಾಗದ ಹುಡುಗಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ. ನೀರು ಕುಡಿದು ಮೂತ್ರ ಕಟ್ಟಿಕೊಂಡು ಹೋಗಬೇಕು. ಒಳಗಿಂದ ಮಾಡುವ ಸ್ಕ್ಯಾನ್ ಅವಳು ಒಪ್ಪಿದರೆ ಮಾತ್ರ. ಪುಟ್ಟಿಯ ಮೊದಲ ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್ ಅಂತ ಬಂತು. ನಮ್ಮತ್ತೆ "ನೋಡು, ಏನೂ ಇಲ್ಲ, ಕಾಲೇಜಿಗೆ ಕಳ್ಳಾಟ" ಅಂದರು. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ಎರಡನೇ ಡಾಕ್ಟರ್ ಹೇಳಿದ್ದು ಬೇರೆ. ಒಗ್ಗರಣೆ ಹಾಕುವಾಗ ಗೋಡೆಗೆ ಸಾಸಿವೆ ಸಿಡಿದಿರುತ್ತದಲ್ಲ, ಈ ಕಾಯಿಲೆಯ ಕಲೆಗಳು ಎಷ್ಟೋ ಸಲ ಅಷ್ಟೇ ಸಣ್ಣವು, ತೆಳುವಾಗಿ ಅಂಟಿಕೊಂಡಿರುತ್ತವೆ. ಅದು ಸ್ಕ್ಯಾನಿಗೆ ಕಾಣುವುದಿಲ್ಲ. ಅಂಡಾಶಯದಲ್ಲಿ ಹಳೇ ರಕ್ತದ ಗಂಟಾಗಿದ್ದರೆ ಕಾಣುತ್ತದೆ. ಆಳಕ್ಕೆ ಇಳಿದಿದೆ ಅನ್ನಿಸಿದರೆ ಎಂಆರ್‌ಐ ಮಾಡಿಸುತ್ತಾರೆ. ಹಾಗಾಗಿ ಸ್ಕ್ಯಾನ್ ನಾರ್ಮಲ್ ಅಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತ ಅಲ್ಲ. ಸಿಎ-125 ಅನ್ನುವ ರಕ್ತಪರೀಕ್ಷೆಯಿಂದಲೂ ಇದನ್ನು ಇದೆ, ಇಲ್ಲ ಅಂತ ತೀರ್ಮಾನಿಸಲಾಗದು. ಅಂದ ಹಾಗೆ, ಆ ರಕ್ತದ ಗಂಟಿಗೆ ಚಾಕೊಲೇಟ್ ಸಿಸ್ಟ್ ಅಂತ ಹೆಸರು, ಒಳಗಿನ ರಕ್ತ ಆ ಬಣ್ಣಕ್ಕೆ ತಿರುಗಿರುತ್ತದೆ. ಅದು ಕೇಳಿ ನಮ್ಮತ್ತೆ ಮನೆಯಲ್ಲಿದ್ದ ಚಾಕೊಲೇಟೆಲ್ಲ ಬೀಗ ಹಾಕಿಟ್ಟರು. ತಿನ್ನುವ ಚಾಕೊಲೇಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ಮೊದಲೆಲ್ಲ ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಹಾಕಿ ನೋಡಿದ ಮೇಲೇ ಔಷಧ ಅನ್ನುತ್ತಿದ್ದರಂತೆ. ಈಗ ಲಕ್ಷಣ ನೋಡಿಯೇ ಶುರು ಮಾಡಬಹುದು. ಮೊದಲು ನೋವಿನ ಮಾತ್ರೆ. ನೋವು ತಾರಕಕ್ಕೇರುವವರೆಗೆ ಕಾಯಬಾರದು, ಶುರುವಾಗುತ್ತಿದ್ದ ಹಾಗೇ ಏನಾದರೂ ತಿಂದು ನುಂಗಬೇಕು. ಅಸ್ತಮಾ, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಮೆಡಿಕಲ್ ಸ್ಟೋರಿನಲ್ಲಿ ಎಲ್ಲರೂ ಕೇಳಿ ಪಡೆಯುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಇರುವ ನೋವಿನ ಔಷಧ ಮೆಫೆನಮಿಕ್ ಆ್ಯಸಿಡ್. ಅದನ್ನು ತೆಗೆದುಕೊಂಡವರಲ್ಲಿ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದು ಅಂತ 2023ರ ಕೊನೆಯಲ್ಲಿ ಔಷಧಗಳ ಗುಣಮಟ್ಟ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಎಚ್ಚರಿಸಿತ್ತು. ಮೈಮೇಲೆ ಗಂಧೆ, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ತೋರಿಸಿ.

ಅದು ಸಾಲದಿದ್ದರೆ ಹಾರ್ಮೋನ್ ಮಾತ್ರೆ. ಕೆಲವರಿಗೆ ಗರ್ಭನಿರೋಧಕ ಮಾತ್ರೆ, ಕೆಲವರಿಗೆ ಡೈನೊಜೆಸ್ಟ್. ಪುಟ್ಟಿಗೆ ಕೊಟ್ಟಿದ್ದು ಡೈನೊಜೆಸ್ಟ್, ದಿನಾ 2 ಮಿಲಿಗ್ರಾಂ, ದಿನವೂ ಅದೇ ಹೊತ್ತಿಗೆ. ಮೊದಲ ಮೂರು ತಿಂಗಳು ಆಗಾಗ ಸ್ವಲ್ಪ ರಕ್ತ ಕಾಣಿಸುತ್ತಿತ್ತು, ಮುಖದಲ್ಲಿ ಮೊಡವೆ, ಸಿಡಿಮಿಡಿ. ಇದು ಹೀಗೇ ಅಂತ ಮೊದಲೇ ಗೊತ್ತಿದ್ದರಿಂದ ಬಿಡಿಸಲಿಲ್ಲ. ಮನಸ್ಸು ತೀರಾ ಕುಗ್ಗಿದರೆ ಮಾತ್ರ ಸುಮ್ಮನಿರಬೇಡಿ, ಹೇಳಿ. ಮೂಳೆ ಬೆಳೆಯುವ ವಯಸ್ಸಾದ್ದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಬಗ್ಗೆ ಕೇಳಿ. ನಮ್ಮಲ್ಲಿ ರಾಗಿ ಮುದ್ದೆ ಮತ್ತೆ ದಿನದೂಟಕ್ಕೆ ಬಂತು, ಪುಟ್ಟಿಯ ಗೊಣಗಾಟದ ಜೊತೆ. ಕಣ್ಣಿಗೆ ಮಿಂಚು ಹೊಡೆದ ಹಾಗಾಗಿ ಬರುವ ಮೈಗ್ರೇನ್, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಇವನ್ನು ಮುಚ್ಚಿಡಬೇಡಿ. ಕೆಲವು ಮಾತ್ರೆ ಅಂಥವರಿಗೆ ಆಗುವುದಿಲ್ಲ.

"ಮದುವೆಗೆ ಮುಂಚೆ ಆ ಮಾತ್ರೆನಾ? ಆಮೇಲೆ ಮಕ್ಕಳಾಗಲ್ಲ" ಅನ್ನುವವರು ಬಂದೇ ಬರುತ್ತಾರೆ. ಈ ಮಾತ್ರೆಯಿಂದ ಬಂಜೆತನ ಬರುವುದಿಲ್ಲ, ನಿಲ್ಲಿಸಿದ ಮೇಲೆ ಮುಟ್ಟು ಮರಳುತ್ತದೆ. ನಾನು ವಾದಕ್ಕೆ ಇಳಿಯಲಿಲ್ಲ. ಮಾತ್ರೆ ಡಬ್ಬಿಯನ್ನು ಅಂಗಡಿಯಲ್ಲಿ ಗುಂಡಿ ಡಬ್ಬದ ಪಕ್ಕ ಇಟ್ಟೆ. ಕಾಲೇಜಿನಿಂದ ಬಂದು ಅಲ್ಲೇ ನುಂಗುತ್ತಾಳೆ.

ನಮಗೆ ಆಪರೇಶನ್ ಬೇಕಾಗಲಿಲ್ಲ. ನಿಮಗೆ ಹೇಳಿದರೆ ಒಪ್ಪುವ ಮೊದಲು ಇಷ್ಟು ಕೇಳಿ: ಕಲೆಯನ್ನು ಕತ್ತರಿಸಿ ತೆಗೆಯುತ್ತೀರಾ, ಸುಡುತ್ತೀರಾ? ಅಂಡಾಶಯಕ್ಕೆ ಎಷ್ಟು ಪೆಟ್ಟು? ಆಮೇಲೂ ಮಾತ್ರೆ ಬೇಕಾ? ಆಪರೇಶನ್ ಆದ ಮೇಲೂ ಇದು ಮರಳಬಹುದು. ಗರ್ಭಕೋಶ ತೆಗೆಯೋಣ ಅಂತ ಯಾರಾದರೂ ಹುಡುಗಿಗೆ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಕಾಣದೆ ಸಹಿ ಹಾಕಬೇಡಿ.

ಒಂದು ವಿಷಯಕ್ಕೆ ಪುಸ್ತಕ ತೆಗೆಯುತ್ತಾ ಕೂರಬಾರದು. ದಿಢೀರನೆ ಒಂದೇ ಪಕ್ಕಕ್ಕೆ ವಿಪರೀತ ನೋವು, ವಾಂತಿ, ಜ್ವರ, ಪ್ರಜ್ಞೆ ತಪ್ಪುವುದು, ಗಂಟೆಗೊಂದು ಪ್ಯಾಡ್ ನೆನೆಯುವುದು. ಅಂಡಾಶಯ ತಿರುಚಿಕೊಂಡಿರಬಹುದು. ರಾತ್ರಿಯಾದರೂ ಎಮರ್ಜೆನ್ಸಿಗೆ ಓಡಿ.

ಕಾಲೇಜಿಗೂ ಮೊದಲೇ ತಿಳಿಸಿ, ಡಾಕ್ಟರ್ ಚೀಟಿ ಕೊಡಿ. ಹಾಜರಾತಿ ಕಡಿಮೆಯಾದ ಮೇಲೆ ಹೋದರೆ ಯಾರೂ ಕೇಳುವುದಿಲ್ಲ. ದ್ವಿತೀಯ ಪಿಯುಸಿಗೆ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಪುಟ್ಟಿ ಕೆಮಿಸ್ಟ್ರಿ ದಿನ ಏಳಲಾರದೆ ಮಲಗಿದ್ದಳು, ಪರೀಕ್ಷೆ-2ರಲ್ಲಿ ಬರೆದು ಪಾಸಾದಳು.

ಈಗ ಆ ಅಳತೆ ಪುಸ್ತಕ ಅವಳ ಹತ್ತಿರವೇ ಇದೆ. ನನ್ನ ಅಕ್ಷರ ಡಾಕ್ಟರಿಗೆ ಓದಲು ಬರುವುದಿಲ್ಲವಂತೆ, ಅವಳೇ ಬರೆಯುತ್ತಾಳೆ. ಮುಂದಿನ ತಪಾಸಣೆ ಯುಗಾದಿ ಕಳೆದ ಮೇಲೆ. ಹೋದ ತಿಂಗಳ ಪುಟ ತೋರಿಸು ಅಂದರೆ "ಡಾಕ್ಟರಿಗೆ ತೋರಿಸ್ತೀನಿ ಬಿಡಮ್ಮ, ನೀನು ಹೊಲಿ" ಅನ್ನುತ್ತಾಳೆ.