ಹೊಸ ಫೋನಿನ ಚಾರ್ಜ್ ಬೇಗ ಇಳಿಯುತ್ತಿದೆಯಾ? ಮೊದಲು ಇದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಹೊಸ ಫೋನ್ ತಗೊಂಡ ಎರಡೇ ದಿನಕ್ಕೆ ಬ್ಯಾಟರಿ ನಿಲ್ಲುತ್ತಿಲ್ಲ ಅಂತ ಅಂಗಡಿಗೆ ಓಡಬೇಡಿ. ಮೊದಲ ಮೂರ್ನಾಲ್ಕು ದಿನ ಫೋನ್ ಒಳಗೊಳಗೇ ದುಡಿಯುತ್ತಿರುತ್ತದೆ. ಹಳೆ ಫೋಟೋ, ವಾಟ್ಸ್ಆ್ಯಪ್ ಚಾಟ್ ಇಳಿಯುವುದು, ಆ್ಯಪ್ ಅಪ್‌ಡೇಟ್ ಆಗುವುದು ಎಲ್ಲ ಆಗಲೇ. ರಾತ್ರಿ ವೈಫೈ ಹಾಕಿ ಚಾರ್ಜಿಗೆ ಇಟ್ಟುಬಿಡಿ, ಬೇಗ ಮುಗಿಯುತ್ತದೆ.

ವಾರವಾದರೂ ಹಾಗೇ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ತೆಗೆದು, ಯಾವ ಆ್ಯಪ್ ಎಷ್ಟು ತಿಂದಿದೆ ನೋಡಿ. ನೀವು ಮುಟ್ಟದ ಆ್ಯಪ್ ಮೇಲೆ ಕಂಡರೆ ಅದೇ ಕಳ್ಳ.

ನನ್ನ ತಮ್ಮನ ಫೋನಿಗೆ ಬೇರೆಯದೇ ಕಾರಣ ಇತ್ತು. ರಾಯಚೂರಲ್ಲಿ ರಾತ್ರಿವರೆಗೂ ಬರುತ್ತಿತ್ತು. ಮಾನ್ವಿ ಕಡೆ ಹೊಲಕ್ಕೆ ಹೋದ ದಿನ ಮಧ್ಯಾಹ್ನಕ್ಕೇ 20 ಪರ್ಸೆಂಟ್! ಜೇಬಿನಲ್ಲೇ ಬೆಚ್ಚಗಾಗಿತ್ತು. ಮೇಲೆ ನೋಡಿದರೆ 5ಜಿ, 4ಜಿ, ಮತ್ತೆ 5ಜಿ ಅಂತ ಗುರುತು ಬದಲಾಗುತ್ತಲೇ ಇದೆ. ಸಿಗ್ನಲ್ ಕಡಿಮೆ ಇರುವ ಕಡೆ ಫೋನ್ ಟವರ್ ಹುಡುಕಿ ಹುಡುಕಿ ಚಾರ್ಜ್ ಕಳೆದುಕೊಳ್ಳುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ 4ಜಿ ಮಾತ್ರ ಇಟ್ಟೆವು, ಸುಮ್ನೆ ಇದ್ದ ಎರಡನೇ ಸಿಮ್ ಆಫ್ ಮಾಡಿದೆವು. ಈಗ ಸಂಜೆವರೆಗೂ ಬರುತ್ತದೆ.

ಇನ್ನು ನಮ್ಮ ಬಿಸಿಲು ಗೊತ್ತೇ ಇದೆಯಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಐಫೋನ್ ಬಳಸಲು 35 ಡಿಗ್ರಿವರೆಗೆ ಸರಿ ಅಂತ ಆ ಕಂಪನಿಯೇ ಹೇಳುತ್ತದೆ. ಫೋನನ್ನು ಬೈಕ್ ಹ್ಯಾಂಡಲ್‌ಗೆ ಸಿಗಿಸಿ ಬಿಸಿಲಲ್ಲಿ ಮ್ಯಾಪ್ ಹಾಕಿಕೊಂಡು ಹೋಗುವವರು ದಯವಿಟ್ಟು ಜೇಬಿಗಿಟ್ಟು ದಾರಿ ಕೇಳಿಸಿಕೊಳ್ಳಿ. ಸ್ಕ್ರೀನ್ ಬೆಳಕೂ ಉಳಿಯುತ್ತದೆ, ಬ್ಯಾಟರಿಯೂ ಕಾಯುವುದಿಲ್ಲ.

ಇಷ್ಟು ಮಾಡಿಯೂ, ರಾತ್ರಿ ಮುಟ್ಟದೆ ಇಟ್ಟ ಫೋನ್ ಬೆಳಿಗ್ಗೆಗೆ 20–30 ಪರ್ಸೆಂಟ್ ಇಳಿದರೆ ಬಿಲ್ ತಗೊಂಡು ಸರ್ವಿಸ್ ಸೆಂಟರಿಗೆ ಹೋಗಿ. ಬ್ಯಾಟರಿ ಪುಟದ ಸ್ಕ್ರೀನ್‌ಶಾಟ್ ಜೊತೆಗಿರಲಿ.