ಒಂಬತ್ತು ಸ್ಟಡ್‌ನಲ್ಲಿ ಮೂರು ಗೇರ್: ನನ್ನ ಅನುಭವ

ಆಟಿಕೆ ಲಾರಿಗೆಂದು ಲೆಗೊದಲ್ಲಿ ಕಟ್ಟಿದ ಗೇರ್ ಡಬ್ಬವಿದು: ಎರಡೇ ಆ್ಯಕ್ಸಲ್, ಮೂರು ವೇಗ, ಮೇಲೊಂದು ನ್ಯೂಟ್ರಲ್, ಎಲ್ಲ ಸೇರಿ ಉದ್ದ ಒಂಬತ್ತು ಸ್ಟಡ್ (ಲೆಗೊ ತುಣುಕಿನ ಒಂದು ತೂತಿನಷ್ಟು ಜಾಗ ಒಂದು ಸ್ಟಡ್). ಲೆಗೊ ಟೆಕ್ನಿಕ್‌ನ 5×11 ಫ್ರೇಮಿನ ಒಳಗೆ ಇಷ್ಟನ್ನು ಕೂರಿಸುತ್ತೇನೆ ಎಂದಾಗ ಕಾರವಾರ, ಕುಮಟಾ ಕಡೆಯ ಗೆಳೆಯರು ‘ಆಗೂದಲ್ಲ ಮಾರಾಯಾ’ ಎಂದಿದ್ದರು. ಶಿರಸಿಯಲ್ಲಿ ಒಂದು ಮಳೆಗಾಲ ಪೂರ್ತಿ ಓಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಲ್ಲಿನ ಲೆಕ್ಕ, ಸ್ಟಡ್ ಲೆಕ್ಕ ಗೊತ್ತಿದ್ದವರಿಗೆ ಮಾತ್ರ.

ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ. ಮೊದಲನೇ ಡಬ್ಬವನ್ನು ಮೋಟಾರಿನ ವೇಗ ಇಳಿಸಿದ ನಂತರ, ಚಕ್ರದ ಹತ್ತಿರ ಇಟ್ಟಿದ್ದೆ. ಏರು ಬಂದ ಕೂಡಲೇ ಡ್ರೈವಿಂಗ್ ರಿಂಗ್ (ಆ್ಯಕ್ಸಲ್ ಮೇಲೆ ಜಾರಿ ಗೇರಿಗೆ ಕಚ್ಚುವ ಬಳೆ) ‘ಟಕ್ ಟಕ್’ ಎಂದು ಹಲ್ಲು ಬಿಟ್ಟು ಹಾರುತ್ತಿತ್ತು. ವೇಗ ಇಳಿದಷ್ಟೂ ಟಾರ್ಕ್, ಅಂದರೆ ತಿರುಗಿಸುವ ಬಲ, ಏರುತ್ತದೆ, ಅದು ರಿಂಗಿನ ಸಣ್ಣ ಹಲ್ಲಿಗೆ ತಡೆಯುವುದಿಲ್ಲ. ಡಬ್ಬ ಮೋಟಾರಿನ ಪಕ್ಕದಲ್ಲೇ ಇರಬೇಕು, ಇಳಿಸುವ ಕೆಲಸವೆಲ್ಲ ಅದರ ಆಚೆಗೆ.

ಎರಡನೆಯದು ನಾಲ್ಕು ಗೇರಿನ ಆಸೆ. ಆ್ಯಕ್ಸಲ್ಲುಗಳ ನಡುವೆ 2 ಸ್ಟಡ್ ಅಂತರದಲ್ಲಿ 16–16 ಮತ್ತು 12–20 ಹಲ್ಲಿನ ಜೋಡಿ, ಅದರ ಹಿಂದೆ 2.5 ಸ್ಟಡ್ ಅಂತರದಲ್ಲಿ 20–20 ಮತ್ತು 24–16. ಕಟ್ಟಿ ಮುಗಿಸಿ ಅನುಪಾತದ (ಹೊರಗಿನ ಆ್ಯಕ್ಸಲ್ ಒಂದು ಸುತ್ತಲು ಮೋಟಾರಿನದು ಎಷ್ಟು ಸುತ್ತಬೇಕು) ಲೆಕ್ಕ ಹಾಕಿದರೆ 1.67, 1.11, 1, 0.67 ಬಂತು. ಎರಡನೇ ಗೇರಿಗೂ ಮೂರನೇ ಗೇರಿಗೂ ವ್ಯತ್ಯಾಸವೇ ಇಲ್ಲ. ನಾಲ್ಕು ಗೇರಿನ ಜಾಗ ತಿಂದು ಮೂರರ ಕೆಲಸ. ಕಟ್ಟುವ ಮೊದಲೇ ಲೆಕ್ಕ ಹಾಕಬೇಕಿತ್ತು, ಹಾಕಿರಲಿಲ್ಲ.

ಈಗ ಓಡುತ್ತಿರುವುದು ಹೀಗಿದೆ. ಫ್ರೇಮಿನ ಒಳಜಾಗ 9×3. ಕೆಳಗಿನ ಆ್ಯಕ್ಸಲ್ ಮೋಟಾರಿನದು, ಅದರ ನೇರ ಮೇಲೆ 2 ಸ್ಟಡ್ ಎತ್ತರದಲ್ಲಿ ಹೊರಹೋಗುವ ಆ್ಯಕ್ಸಲ್. ಅಕ್ಕಪಕ್ಕ ಮಲಗಿಸಿದರೆ 20 ಹಲ್ಲಿನ ಗೇರ್ ಫ್ರೇಮಿಗೆ ತಾಗುತ್ತದೆ, ಒಂದರ ಮೇಲೊಂದೇ ಬರಬೇಕು. ಎಡದಿಂದ ಎಣಿಸಿ. ಮೇಲೆ 1ನೇ ಸ್ಟಡ್‌ನಲ್ಲಿ 20ರ ಕ್ಲಚ್ ಗೇರ್ (ರಿಂಗ್ ಕಚ್ಚಿದಾಗ ಮಾತ್ರ ಆ್ಯಕ್ಸಲ್ ಜೊತೆ ತಿರುಗುವಂಥದ್ದು), 2ರಿಂದ 4 ರಿಂಗ್, 5ರಲ್ಲಿ 16ರ ಕ್ಲಚ್ ಗೇರ್, 6ರಲ್ಲಿ 12ರ ಸಾದಾ ಗೇರ್. ಕೆಳಗೆ 1ರಲ್ಲಿ 12, 5ರಲ್ಲಿ 16, ಎರಡೂ ಸಾದಾ. 6ರಲ್ಲಿ 20ರ ಕ್ಲಚ್ ಗೇರ್, 7ರಿಂದ 9 ಎರಡನೇ ರಿಂಗ್. ರಿಂಗುಗಳು ಮೂರು ಸ್ಟಡ್ ಅಗಲದ ಹೊಸವು. ಕ್ಲಚ್ ಗೇರ್ ಮತ್ತು ರಿಂಗನ್ನು ತಳ್ಳುವ, ತಿರುಗುವ ಕ್ಯಾಚ್ ಲೆಗೊದ ಬುಗಾಟಿ ಕಾರಿನ ಸೆಟ್ಟಿನಲ್ಲಿ ಬರುತ್ತಿದ್ದಂಥವು.

ಸಿಗುವ ಅನುಪಾತ 1.67, 1, 0.6. ಗೇರಿನಿಂದ ಗೇರಿಗೆ ಹೆಜ್ಜೆ ಸಮ, ಪ್ರತಿ ಸಲವೂ 1.67 ಪಟ್ಟು. ಆಚೆ 8–40ರ ಜೋಡಿ ಹಾಕಿದರೆ ಒಟ್ಟು 8.3, 5 ಮತ್ತು 3. ಇಷ್ಟು ಚೊಕ್ಕ ಲೆಕ್ಕ ನಮ್ಮ ಕಡೆ ಬೇರೆ ಯಾರ ಡಬ್ಬದಲ್ಲೂ ನೋಡಿಲ್ಲ ಎಂದರೆ ಜಂಬ ಎನ್ನಬೇಡಿ.

ತಲೆ ತಿಂದದ್ದು ಕ್ಯಾಚ್. ಒಂದು ಕ್ಯಾಚ್ 90 ಡಿಗ್ರಿಗೊಮ್ಮೆ ಎಡ, ಮಧ್ಯ, ಬಲ, ಮಧ್ಯ ಎಂದು ರಿಂಗನ್ನು ತಳ್ಳುತ್ತದೆ. ಎರಡೂ ರಿಂಗ್ ಒಟ್ಟಿಗೆ ಕಚ್ಚಿದರೆ ಡಬ್ಬ ಲಾಕ್. ಅದಕ್ಕೇ ಎರಡು ಕ್ಯಾಚ್‌ಗಳನ್ನು 90 ಡಿಗ್ರಿ ವ್ಯತ್ಯಾಸದಲ್ಲಿ ಇಟ್ಟು 16–16ರಿಂದ ಜೋಡಿಸಬೇಕು. ಕೆಳಗಿನ ರಿಂಗಿಗೆ ಒಂದೇ ಬದಿ ಗೇರ್ ಇರುವುದರಿಂದ ಇನ್ನೊಂದು ಬದಿ ತಾನಾಗಿ ನ್ಯೂಟ್ರಲ್. ಮೊದಲ ಸಲ ಬಂದ ಕ್ರಮ ಒಂದು, ಮೂರು, ಎರಡು, ನ್ಯೂಟ್ರಲ್. ಕೆಳಗಿನ ಕ್ಯಾಚನ್ನು ಅರ್ಧ ಸುತ್ತು ತಿರುಗಿಸಿ ಹಾಕಿದಾಗ ಒಂದು, ನ್ಯೂಟ್ರಲ್, ಎರಡು, ಮೂರು. ಥೇಟ್ ಬೈಕಿನ ಗೇರ್!

ಇಲ್ಲೊಂದು ಹೊಂಡವಿದೆ. ಕ್ಯಾಚ್‌ಗಳನ್ನು ಜೋಡಿಸುವ ಎರಡು 16ರ ಗೇರುಗಳನ್ನು, ಆ್ಯಕ್ಸಲ್ ಕೂರುವ ಕೂಡುಗುರುತಿನ ಆಕಾರದ ತೂತು ಒಂದೇ ನೇರಕ್ಕೆ ಇಟ್ಟು ಕಚ್ಚಿಸಲು ಆಗುವುದಿಲ್ಲ, ಹಲ್ಲಿಗೆ ಹಲ್ಲೇ ಎದುರು ಬರುತ್ತದೆ. ಅರ್ಧ ಹಲ್ಲು, ಅಂದರೆ 11 ಡಿಗ್ರಿ ಚಿಲ್ಲರೆ, ಓರೆಯಾಗಿಯೇ ಕೂರುತ್ತದೆ. ಅಷ್ಟು ಸಾಕು, ಒಂದು ರಿಂಗ್ ಅರೆಬರೆ ಕಚ್ಚಿ ಕರಕರ ಎನ್ನುತ್ತದೆ. ಇದನ್ನು ಹೇಗೆ ಸರಿ ಮಾಡಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಏನನ್ನೂ ಕತ್ತರಿಸಿಲ್ಲ, ಉಜ್ಜಿಲ್ಲ, ಅಷ್ಟು ಹೇಳಬಲ್ಲೆ.

ಬಿಗಿ ಎಲ್ಲಿದೆ ಎಂದು ಹುಡುಕಲು ಬಸ್ ಟಿಕೆಟ್ ಸಾಕು. ಟಿಕೆಟನ್ನು ಉದ್ದಕ್ಕೆ ಹರಿದು ಬುಶ್ (ಆ್ಯಕ್ಸಲ್ ಜಾರದಂತೆ ತಡೆಯುವ ಬಳೆ) ಮತ್ತು ಬೀಮಿನ (ತೂತಿನ ಪಟ್ಟಿ) ನಡುವೆ ಇಡಿ, ಬುಶ್ ಒತ್ತಿ, ಟಿಕೆಟ್ ಎಳೆದುಬಿಡಿ. ಉಳಿಯುವ ಸಂದು ಅಷ್ಟೇ ಇರಬೇಕು. ಆ್ಯಕ್ಸಲನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಎರಡು ಸುತ್ತಾದರೂ ತಾನೇ ಓಡಬೇಕು. ಆಮೇಲೆ ಮಲ್ಟಿಮೀಟರ್ ಹಾಕಿ. ಲೆಗೊದ ಎಲ್ ಮೋಟಾರ್ ಖಾಲಿ ಓಡುವಾಗ ನೂರಿಪ್ಪತ್ತು ಮಿಲಿಆ್ಯಂಪ್ ಆಸುಪಾಸು, ಡಬ್ಬ ಸೇರಿದಾಗ ನನ್ನದು ನೂರೆಂಬತ್ತು. ಇನ್ನೂರೈವತ್ತು ದಾಟಿದರೆ ಎಲ್ಲೋ ಬೀಮ್ ಹಿಡಿದಿದೆ ಎಂದೇ ಅರ್ಥ. ಬಿಚ್ಚಿ.

ಎಣ್ಣೆ ಹಾಕುವ ಮುನ್ನ ಎರಡು ಮಾತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದ ಎರಡು ಬೀಮ್ ತೂತಿನ ಬಾಯಲ್ಲೇ ಸೀಳಿದವು. ಕೊಬ್ಬರಿ ಎಣ್ಣೆ ಅಕ್ಟೋಬರ್‌ವರೆಗೆ ಚೆನ್ನಾಗಿತ್ತು, ಡಿಸೆಂಬರಿನ ಬೆಳಿಗ್ಗೆ ಹೆಪ್ಪುಗಟ್ಟಿ ಮೋಟಾರ್ ನರಳತೊಡಗಿತು. ಈಗ ಸಿಲಿಕೋನ್ ಗ್ರೀಸ್, ಅದೂ ಕಡ್ಡಿಯ ತುದಿಯಷ್ಟು. ಕಾರವಾರದವರು ಮರಳಿನ ಮೇಲೆ ಓಡಿಸುವುದಾದರೆ ಅದನ್ನೂ ಹಾಕಬೇಡಿ, ಗ್ರೀಸ್ ಮರಳನ್ನು ಹಿಡಿದಿಟ್ಟು ಹಲ್ಲು ಅರೆಯುತ್ತದೆ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ರಿಮೋಟ್ ಹೇಗೂ ಸರಿಯಾಗಿ ಕೇಳುವುದಿಲ್ಲ.

ದುಡ್ಡಿನ ವಿಷಯ. ಹಳೆಯ ಎಲ್ ಮೋಟಾರ್ ಸಾವಿರದ ಎಂಟುನೂರು, ರಿಂಗ್, ಕ್ಯಾಚ್, ಕ್ಲಚ್ ಗೇರ್ ಎಲ್ಲ ಬಿಡಿಯಾಗಿ ಕೊರಿಯರ್ ಸೇರಿ ಸಾವಿರದ ಇನ್ನೂರರ ಹತ್ತಿರ. ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ ನಕಲಿ ಗೇರಿನ ಪೊಟ್ಟಣಕ್ಕೆ ಸಾವಿರದ ನೂರು ಹೋಯಿತು. ಅದರಲ್ಲಿ 12ರ ಗೇರುಗಳ ತೂತು ಸಡಿಲ, ರಿಂಗ್ ವಾರದಲ್ಲೇ ಸವೆಯಿತು. ನಕಲಿ ಬೀಮ್ ನಡೆಯುತ್ತದೆ, ನಕಲಿ ರಿಂಗ್ ಬೇಡವೇ ಬೇಡ. ಉಳಿದ ಖರ್ಚೂ ಸೇರಿ ಒಟ್ಟು ಏಳೆಂಟು ಸಾವಿರ, ಅದರಲ್ಲಿ ಮೂರು ನೀರಿಗೆ. ಮತ್ತೆ, ಡಬ್ಬಿಯ ಮೇಲೆ ‘ಗೇರು’ ಎಂದು ಬರೆದಿಡಬೇಡಿ, ಮನೆಗೆ ಬಂದವರು ಗೇರುಬೀಜ ಎಂದು ಮುಚ್ಚಳ ತೆಗೆಯುತ್ತಾರೆ.

ನಡುವೆ ಇದೇ ಡಬ್ಬವನ್ನು ಕಾರವಾರದ ಬೈತಖೋಲ ಬಂದರಿನ ಟ್ರಾಲರ್ ಬೋಟಿನ ವಿಂಚ್ ಮಾದರಿಗೆ ಹಾಕಿ ನೋಡಿದೆ. ಆಚೆ ಕಡೆ ವರ್ಮ್ (ಸ್ಕ್ರೂವಿನಂಥ ಗೇರ್) ಮತ್ತು 24. ಎರಡು ಲೀಟರ್ ನೀರಿನ ಬಾಟಲಿ ಎತ್ತಿತು, ಮೋಟಾರ್ ನಿಲ್ಲಿಸಿದರೂ ಇಳಿಯಲಿಲ್ಲ. ಆದರೆ ವರ್ಮ್ ಆ್ಯಕ್ಸಲ್ ಉದ್ದಕ್ಕೂ ತಳ್ಳುತ್ತದೆ, ಎರಡೂ ತುದಿಗೆ ಆಸರೆ ಕೊಡದಿದ್ದರೆ ಬುಶ್ ಕಿತ್ತು ಬರುತ್ತದೆ. ಗೇರ್ ಬದಲಿಸಲು ಸರ್ವೋ (ಬೇಕಾದಷ್ಟೇ ತಿರುಗಿ ನಿಲ್ಲುವ ಮೋಟಾರ್) ಕೂಡ ಹಾಕಿದ್ದೆ. ಅದರ ತಿರುವು 180 ಡಿಗ್ರಿ, 24–16ರಿಂದ ಹಿಗ್ಗಿಸಿದರೆ 270, ನಾಲ್ಕು ಸ್ಥಾನಕ್ಕೆ ಸರಿಯಾಗಿ ಸಾಕು. ನಡುವಿನ ಎರಡು ಸ್ಥಾನ ಮಾತ್ರ ಆರು ಡಿಗ್ರಿ ತಪ್ಪುತ್ತವೆ. ನಡೆಯುತ್ತದೆ.

ಲಾರಿಯ ತೂಕ ಹಿಂದೆ ತುಂಬಿದ ಚಾಲಿ ಅಡಿಕೆಯೂ ಸೇರಿ ಒಂದೂವರೆ ಕಿಲೋಗೆ ತುಸು ಕಡಿಮೆ. ಮೀಟರ್ ಉದ್ದದ ಹಲಗೆಯ ಒಂದು ತುದಿ 40 ಸೆಂ.ಮೀ. ಎತ್ತಿಟ್ಟರೆ ಒಂದನೇ ಗೇರಿನಲ್ಲಿ ಏದುಸಿರಿಲ್ಲದೆ ಹತ್ತುತ್ತದೆ. ತೊಂದರೆ ಒಂದೇ. ಏರಿನ ಮಧ್ಯದಲ್ಲಿ ಒಂದರಿಂದ ಎರಡಕ್ಕೆ ಹಾಕುವಾಗ ನ್ಯೂಟ್ರಲ್ ದಾಟಬೇಕಲ್ಲ, ಆಗ ಲಾರಿ ಒಂದು ಗೇಣು ಹಿಂದಕ್ಕೆ ಜಾರುತ್ತದೆ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡುವ ಹಾಗೆ ಹಿಂದಿನ ಆ್ಯಕ್ಸಲ್ಲಿನ 24ರ ಗೇರಿಗೆ ರಬ್ಬರ್ ಬ್ಯಾಂಡಿನ ಒಂದು ಕೊಕ್ಕೆ ಕೊಟ್ಟಿದ್ದೇನೆ. ರಿವರ್ಸ್ ಬೇಕಾದಾಗ ಅದನ್ನು ಕೈಯಿಂದಲೇ ಎತ್ತಬೇಕು.